‘ಮೈಕ್ರೋಸಾಫ್ಟ್’ ಹೆಸರಿನ ಕರೆ: ಫೋನ್ ಇಟ್ಟರೆ ಸಾಲದು, ನೆಟ್ ಕಡಿಯಬೇಕು

ಉಡುಪಿಯ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ‘ಮೈಕ್ರೋಸಾಫ್ಟ್‌ನಿಂದ’ ಕರೆ ಬರ್ತಾ ಉಂಟು, ಯಾವ ಆಂಟಿವೈರಸ್ ಹಾಕಿಸಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ, ಆ ದುಡ್ಡು ಉಳಿಸಿ. ಹೀಗೆ ಕರೆ ಮಾಡುವವ ವಂಚಕ, ಅವನಿಗೆ ವೈರಸ್ಸಿನ ಅಗತ್ಯವೇ ಇಲ್ಲ. ಆಫೀಸುಗಳಲ್ಲಿ ದಿನಾ ಬಳಸುವ, ದೂರದಿಂದಲೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ಎನಿಡೆಸ್ಕ್‌ನಂಥ ಸಾಚಾ ಸಾಫ್ಟ್‌ವೇರನ್ನೇ ಅವನು ನಿಮ್ಮ ಅಪ್ಪನ ಕೈಯಿಂದ ಹಾಕಿಸುತ್ತಾನೆ. ಮನೆಯವರೇ ಬಾಗಿಲು ತೆಗೆದ ಮೇಲೆ ಬೀಗ ಎಷ್ಟು ಗಟ್ಟಿಯಿದ್ದರೇನು?

ನಾನು ಇಲ್ಲೇ ಕಂಪ್ಯೂಟರ್ ರಿಪೇರಿ ಮಾಡುವವ. ಕಾಪು ಕಡೆಯ ಹಿರಿಯರೊಬ್ಬರ ಲ್ಯಾಪ್‌ಟಾಪ್ ನನ್ನ ಟೇಬಲ್ಲಿಗೆ ಬಂದಿತ್ತು. ಮಕ್ಕಳು ದುಬೈಯಲ್ಲಿ, ವಿಡಿಯೋ ಕಾಲ್, ಬ್ಯಾಂಕಿನ ಕೆಲಸ ಎಲ್ಲಾ ಅದರಲ್ಲೇ. ಕರೆ ಮಾಡಿದವ ಮೊದಲು ಈವೆಂಟ್ ವ್ಯೂವರ್, ಅಂದರೆ ವಿಂಡೋಸ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ಪಟ್ಟಿ, ತೆರೆಸಿದ. ಅಲ್ಲಿ ಸಾಲುಸಾಲು ಕೆಂಪು, ಹಳದಿ ಗುರುತುಗಳು ಕಾಣುತ್ತವೆ. ಸರಿಯಾಗಿ ನಡೆಯುವ ವಿಂಡೋಸ್ ಕಂಪ್ಯೂಟರಿನಲ್ಲೂ ಅವು ಇದ್ದೇ ಇರುತ್ತವೆ, ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಕಪ್ಪು ಕಮಾಂಡ್ ಕಿಟಕಿಯಲ್ಲಿ 888ರಿಂದ ಶುರುವಾಗುವ ಉದ್ದದ ಸಂಖ್ಯೆ ತೋರಿಸಿ, ‘ಇದು ನಿಮ್ಮ ಕಂಪ್ಯೂಟರಿನ ಲೈಸೆನ್ಸ್, ನಮ್ಮ ಬಳಿಯೂ ಇದೇ ಉಂಟು ನೋಡಿ’ ಅಂತ ಓದಿದ. ಆ ಸಂಖ್ಯೆ ಎಲ್ಲಾ ವಿಂಡೋಸ್‌ನಲ್ಲೂ ಒಂದೇ. ನಿಮ್ಮ ಅಪ್ಪನಿಗೆ ಇದನ್ನು ಈಗಲೇ ತೆರೆದು ತೋರಿಸಿ, ನಿಮ್ಮ ಲ್ಯಾಪ್‌ಟಾಪಿನಲ್ಲೂ ಹಾಗೇ ಇರುವುದನ್ನು ಪಕ್ಕದಲ್ಲಿಟ್ಟು ತೋರಿಸಿ. ನೂರು ಬುದ್ಧಿಮಾತಿಗಿಂತ ಅದು ಹೆಚ್ಚು ನಾಟುತ್ತದೆ.

ಎನಿಡೆಸ್ಕ್ ಹಾಕಿಸಿದ ಮೇಲೆ ಅವನು ಒಟಿಪಿ ಕೇಳಿದಾಗ ಆ ಹಿರಿಯರಿಗೆ ಸಂಶಯ ಬಂತು. ಕೊಡಲಿಲ್ಲ, ಬೈದು ಫೋನ್ ಇಟ್ಟರು. ಮುಗಿಯಿತು ಅಂದುಕೊಂಡು ಲ್ಯಾಪ್‌ಟಾಪ್ ಹಾಗೇ ಬಿಟ್ಟು ಎದ್ದರು. ದುಡ್ಡು ಹೋದದ್ದು ಆಗಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲಿ. ಮಾತು ಹೋಗುವುದು ಫೋನಿನಲ್ಲಿ, ಕಂಪ್ಯೂಟರಿನ ಮೇಲಿನ ಹಿಡಿತ ಹೋಗುವುದು ವೈಫೈಯಲ್ಲಿ. ಎರಡೂ ಬೇರೆ ಬೇರೆ. ಕರೆ ಕಡಿದರೂ ಎನಿಡೆಸ್ಕ್ ಸಂಪರ್ಕ ಕಡಿಯುವುದಿಲ್ಲ. ಕಾಯಂ ಪಾಸ್‌ವರ್ಡ್ ಇಟ್ಟು ಇನ್‌ಸ್ಟಾಲ್ ಮಾಡಿದ್ದರೆ ರಿಸ್ಟಾರ್ಟ್ ಆದ ಮೇಲೂ ಅವನು ಯಾರನ್ನೂ ಕೇಳದೆ ಒಳಗೆ ಬರಬಹುದು. ಆ ಹಿರಿಯರ ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಸೇವ್ ಆಗಿತ್ತು, ಜಿಮೇಲ್ ತೆರೆದೇ ಇತ್ತು, ಒಟಿಪಿ ಮೇಲಿಗೂ ಬರುತ್ತಿತ್ತು. ಅವರು ಬಾಯಿಬಿಟ್ಟು ಹೇಳಬೇಕಾದ್ದು ಏನೂ ಉಳಿದಿರಲಿಲ್ಲ. ಎಫ್‌ಡಿಯನ್ನು ಆನ್‌ಲೈನಿನಲ್ಲೇ ಮುರಿದು ವಂಚಕರು ದುಡ್ಡು ಸಾಗಿಸಿದ್ದರು. ಮೊಬೈಲಿನಲ್ಲಿ ಇಂಥ ಆ್ಯಪ್ ಹಾಕಿಸಿಕೊಂಡರಂತೂ ಬರುವ ಎಸ್‌ಎಂಎಸ್ ಅವನಿಗೂ ಕಾಣುತ್ತದೆ.

ಹಾಗಾಗಿ ಸ್ವಲ್ಪ ಸಂಶಯ ಬಂದರೂ ಮೊದಲು ರೂಟರಿನ ಸ್ವಿಚ್ ಆಫ್ ಮಾಡಬೇಕು, ಫೋನ್ ಇಡುವುದು ಆಮೇಲೆ. ಸ್ವಿಚ್ ಯಾವುದು ಅಂತ ಅಮ್ಮನಿಗೂ ಗೊತ್ತಿರಲಿ. ಮುಂದಿನ ಕೆಲಸಗಳೆಲ್ಲ ಬೇರೆ ಫೋನಿನಿಂದ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಹೇಳಿ ಖಾತೆಗೆ ತಡೆ, ನಂತರ ಇ-ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲು. 1930ರವರು ಖಾತೆ ಸಂಖ್ಯೆ, ಮೊತ್ತ, ಸಮಯ, ವ್ಯವಹಾರದ ರೆಫರೆನ್ಸ್ ನಂಬರ್ ಕೇಳುತ್ತಾರೆ. ಬ್ಯಾಂಕಿನ ಎಸ್‌ಎಂಎಸ್ ಅಳಿಸಬೇಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಂಡು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಉಂಟು.

ಲ್ಯಾಪ್‌ಟಾಪಿನಲ್ಲಿ ಒಂದು ಎನಿಡೆಸ್ಕ್ ತೆಗೆದು ಸುಮ್ಮನಾಗಬೇಡಿ. ಅಲ್ಟ್ರಾವ್ಯೂವರ್, ಸ್ಕ್ರೀನ್‌ಕನೆಕ್ಟ್ ಅಂತ ಅದೇ ಕೆಲಸದ ಇನ್ನೊಂದನ್ನೂ ಹಾಕಿಟ್ಟು ಹೋಗಿರುತ್ತಾರೆ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಆ ದಿನ ಬಂದದ್ದು ಮೇಲೆಯೇ ಕಾಣುತ್ತದೆ. ನನ್ನ ಕೇಳಿದರೆ ಫೋಟೋ, ಕಡತ ನಕಲು ಮಾಡಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕಿಸಿ.

ಇನ್ನೂ ಏನೂ ಆಗಿಲ್ಲ ಅಂದಿರಲ್ಲ, ಹಾಗಾದರೆ ಅಪ್ಪನ ವಿಂಡೋಸ್ ಖಾತೆಯನ್ನು ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಯೂಸರ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ಎನಿಡೆಸ್ಕ್ ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ, ಹಾಗಾಗಿ ಇದು ಪೂರ್ತಿ ತಡೆಯಲ್ಲ. ಕಾಯಂ ಬೇರೂರುವುದಕ್ಕೆ ಅಡ್ಡಿಯಾಗುತ್ತದೆ. ಪರದೆ ತುಂಬಾ ಎಚ್ಚರಿಕೆ, ಜೊತೆಗೆ ಫೋನ್ ನಂಬರ್ ಬಂದರೆ ಅದು ಬರೀ ವೆಬ್ ಪುಟ. ಮೈಕ್ರೋಸಾಫ್ಟ್‌ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಬಗ್ಗದಿದ್ದರೆ ಆಲ್ಟ್ ಜೊತೆ ಎಫ್4.

ಇದಕ್ಕಿಂತ ಮುಖ್ಯವಾದ ಕೆಲಸ ಬ್ಯಾಂಕಿನ ಶಾಖೆಯಲ್ಲಿದೆ. ನಮ್ಮೂರಿನ ಹಿರಿಯರ ಉಳಿತಾಯ ಹೆಚ್ಚಾಗಿ ಎಫ್‌ಡಿಯಲ್ಲೇ. ನೆಟ್ ಬ್ಯಾಂಕಿಂಗಿನಲ್ಲಿ ಬ್ಯಾಲೆನ್ಸ್ ನೋಡಲು ಮಾತ್ರ ಅವಕಾಶ ಇಡಿ, ಎಫ್‌ಡಿಯನ್ನು ಆನ್‌ಲೈನ್‌ನಲ್ಲಿ ಮುರಿಯಲು ಬಿಡಬೇಡಿ ಅಂತ ಅಪ್ಪನ ಸಹಿ ಹಾಕಿದ ಅರ್ಜಿ ಕೊಡಿ. ಅದಾಗದಿದ್ದರೆ ದಿನದ ವರ್ಗಾವಣೆ ಮಿತಿಯನ್ನಾದರೂ ಮನೆಖರ್ಚಿಗೆ ಸಾಕಾಗುವಷ್ಟಕ್ಕೆ ಇಳಿಸಿ.