ವಿದೇಶದಲ್ಲಿ ಮಗನ ಜೊತೆ ಮನೆಯಲ್ಲಿ ಯಾವ ಭಾಷೆ ಆಡಬೇಕು?

ಮನೆಯಲ್ಲೂ ಜರ್ಮನ್ ಮಾತ್ರ ಆಡಿ ಎಂದು ಮಗನ ಶಿಕ್ಷಕಿ ಹೇಳಿದ್ದಾರೆ, ಜೊತೆಯಲ್ಲಿರುವ ಅತ್ತೆಗೆ ಕನ್ನಡ ಬಿಟ್ಟು ಬೇರೇನೂ ಬಾರದು ಎಂದಿದ್ದೀರಿ. ಇದೇ ಮಾತನ್ನು 1974ರಲ್ಲಿ ನನಗೂ ಒಬ್ಬ ಶಿಕ್ಷಕಿ ಹೇಳಿದ್ದರು. ನಾನು ಪಾಲಿಸಿದೆ.

ನಾವು ಬೆನೆ ಇಸ್ರೇಲಿಗಳು, ಕೊಂಕಣದ ಯಹೂದಿಗಳು. ನಮ್ಮ ಧರ್ಮದ ವಿರಾಮದ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದ ನಮ್ಮ ಹಿರಿಯರನ್ನು ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು. ಮನೆಮಾತು ಮರಾಠಿ. ಅಪ್ಪ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿದ್ದುದರಿಂದ ನಾನು ಓದಿದ್ದು ಕನ್ನಡದಲ್ಲಿ. ಅಪ್ಪ ತೀರಿಕೊಂಡ ಮೇಲೆ, 1969ರಲ್ಲಿ, ಅಮ್ಮ ಮತ್ತು ಹೆಂಡತಿಯೊಂದಿಗೆ ಇಸ್ರೇಲಿನ ದಿಮೋನಾಕ್ಕೆ ಬಂದೆ. ನೆಗೆವ್ ಮರುಭೂಮಿಯಲ್ಲಿ 1955ರಲ್ಲಷ್ಟೇ ಹುಟ್ಟಿದ ಊರು. ಜವಳಿ ಗಿರಣಿಯಲ್ಲಿ ಪಾಳಿಯ ಕೆಲಸ.

ಇಸ್ರೇಲಿನ ಭಾಷೆಯಾದ ಹೀಬ್ರೂವಿನಲ್ಲಿ ಭಾರತೀಯನಿಗೆ ‘ಹೋದಿ’ ಎನ್ನುತ್ತಾರೆ. ಹುಬ್ಬಳ್ಳಿಯ ಕಿವಿಗೆ ಅದು ‘ಬಿಟ್ಟು ಹೋದಿ’ ಎಂದೇ ಕೇಳಿಸುತ್ತಿತ್ತು. ನಾವು ನಿಜವಾದ ಯಹೂದಿಗಳೇ ಎಂಬ ಅನುಮಾನದಿಂದ, ನಮ್ಮವರ ಮದುವೆಗೆ ಮುನ್ನ ವಂಶ ವಿಚಾರಿಸಬೇಕೆಂಬ ನಿಯಮ 1962ರಲ್ಲಿ ಬಂದಿತ್ತು. ಧರಣಿಗಳು ನಡೆದು, 1964ರಲ್ಲಿ ಸಂಸತ್ತು ನಮ್ಮ ಪರ ನಿಂತ ಮೇಲೆ ಅದು ಸಡಿಲವಾಯಿತು. ಆದರೂ ಆ ಅವಮಾನದ ಭಯ ನನ್ನಲ್ಲಿ ಉಳಿದಿತ್ತು. ಮಗನನ್ನು ಯಾರೂ ಬೇರೆಯವನೆಂದು ನೋಡಬಾರದಿತ್ತು. ಮನೆಯಲ್ಲಿ ಮರಾಠಿ ನಿಲ್ಲಿಸಿದೆ.

ನಿಲ್ಲಿಸಿದ್ದು ಹೇಗೆಂದು ಹೇಳಲೇಬೇಕು. ಅಮ್ಮ ರಾತ್ರಿ ಮೊಮ್ಮಗನಿಗೆ ನಮ್ಮ ಧರ್ಮಗ್ರಂಥದ ಯೋಸೇಫನ ಕಥೆಯನ್ನು ಮರಾಠಿ ಕೀರ್ತನೆಯಾಗಿ ಹಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ‘ಹೀಬ್ರೂ, ಅಮ್ಮಾ’ ಎನ್ನುತ್ತಿದ್ದೆ. ಒಂದು ದಿನವಲ್ಲ, ಪ್ರತಿ ರಾತ್ರಿ. ಕೊನೆಗೆ ಅವಳು ಹಾಡುವುದನ್ನೇ ಬಿಟ್ಟಳು. ಅವಳಿಗೆ ಬರುತ್ತಿದ್ದ ಹೀಬ್ರೂ, ಬಾಯಿಪಾಠದ ಪ್ರಾರ್ಥನೆಗಳನ್ನು ಬಿಟ್ಟರೆ, ಎರಡೇ ಪದ: ‘ಬೋ’, ‘ತೋಖಲ್’. ಬಾ, ತಿನ್ನು. ಹದಿನಾಲ್ಕು ವರ್ಷ ಅವರಿಬ್ಬರ ನಡುವೆ ಓಡಾಡಿದ್ದು ಅಷ್ಟೇ. ನನ್ನದೂ ಗಿರಣಿಯಲ್ಲಿ ಕಲಿತ ಹೀಬ್ರೂ. ಅದರಲ್ಲಿ ಮಗನನ್ನು ಗದರಬಹುದಿತ್ತು, ಅಂಗಡಿಗೆ ಕಳಿಸಬಹುದಿತ್ತು; ಜ್ವರ ಬಂದು ಅವನು ನರಳಿದಾಗ ಸಂತೈಸಲು ನನ್ನಲ್ಲಿ ಪದಗಳಿರಲಿಲ್ಲ. ಅವನಾದರೋ ಬೀದಿಯ ಮಕ್ಕಳಿಂದ ಆರೇ ತಿಂಗಳಲ್ಲಿ ನನಗಿಂತ ಚೆನ್ನಾಗಿ ಕಲಿತಿದ್ದ. ನಾನು ಮರಾಠಿ ನಿಲ್ಲಿಸಿದ್ದರಿಂದ ಅವನಿಗೆ ಸಿಕ್ಕಿದ್ದು ಏನೂ ಇಲ್ಲ.

1988ರಲ್ಲಿ ಅಮ್ಮ ತೀರಿಕೊಂಡಳು. ಶೋಕದ ಏಳು ದಿನ ನೆಲದ ಮೇಲೆ ಕುಳಿತಿದ್ದಾಗ ಮಗ ಕೇಳಿದ: ‘ಅಜ್ಜಿ ಎಂಥವಳು?’ ಅವಳ ಪಕ್ಕದ ಮಂಚದಲ್ಲೇ ಮಲಗಿ ಬೆಳೆದವನು.

ಅವಳ ಕೀರ್ತನೆಯ ಪುಸ್ತಕ ನನ್ನ ಬಳಿ ಇದೆ. ಮೊಮ್ಮಗಳು ಈಗ ದೇವನಾಗರಿ ಕಲಿಯುತ್ತಿದ್ದಾಳೆ, ಒಂದೊಂದೇ ಸಾಲು ಓದಿಸುತ್ತೇನೆ. ರಾಗ ಮಾತ್ರ ನನಗೆ ನೆನಪಿಲ್ಲ.

ಯಾವ ಭಾಷೆ ಎಂಬ ನಿಮ್ಮ ಪ್ರಶ್ನೆಯೇ ತಪ್ಪು. ಜರ್ಮನ್ ಶಾಲೆಯಲ್ಲಿ, ಬೀದಿಯಲ್ಲಿ ತಾನಾಗಿ ಬರುತ್ತದೆ. ಅದನ್ನು ಕಲಿಸುವುದು ತಮ್ಮ ಕೆಲಸವೆಂದು ಆ ಶಿಕ್ಷಕಿಗೆ ತಿಳಿದಿರಲಿ. ಇವತ್ತು ರಾತ್ರಿ ಮಗನನ್ನು ಅತ್ತೆಯ ಪಕ್ಕದಲ್ಲಿ ಮಲಗಿಸಿ. ನೀವು ಬಾಗಿಲಲ್ಲಿ ನಿಲ್ಲಬೇಡಿ.