ಐದು ವಾರದ ಮರಿ, ಖಾಲಿ ಮನೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಆ ಮಹಿಳೆ ನನ್ನ ಬಳಿ ಬಂದಿದ್ದು ಮಗಳ ಜೊತೆಗಿನ ಜಗಳದ ಬಗ್ಗೆ ಮಾತಾಡಲು. ವಯಸ್ಸು ಐವತ್ತು ದಾಟಿದೆ, ಮನೆಯಲ್ಲಿ ಒಬ್ಬರೇ. 13 ವರ್ಷ ಜೊತೆಗಿದ್ದ ನಾಯಿ ಎರಡು ತಿಂಗಳ ಹಿಂದೆ ತೀರಿಹೋಗಿತ್ತು. ಈಗ ನಾಯಿಮರಿ ಬೆಳೆಸಿ ಮಾರುವ ಬ್ರೀಡರ್ ಒಬ್ಬರು ಐದು ವಾರದ ಮರಿಯನ್ನು ಭಾನುವಾರವೇ ತೆಗೆದುಕೊಂಡು ಹೋಗಿ ಎಂದಿದ್ದರು. ಇಷ್ಟು ಚಿಕ್ಕದು ಬೇಡ ಎಂದು ಮಗಳು ಹಟ ಹಿಡಿದಿದ್ದಳು.

"ಈಗಲೇ ತಂದರೆ ನನ್ನನ್ನೇ ತಾಯಿ ಅಂದುಕೊಳ್ಳುತ್ತೆ ಅಲ್ವಾ ಮೇಡಂ? ತಟ್ಟೆಯಲ್ಲಿ ತಿನ್ನೋಕೂ ಶುರು ಮಾಡಿದೆಯಂತೆ."

ನಾನು ತಕ್ಷಣ ಉತ್ತರ ಕೊಡಲಿಲ್ಲ. ಹೋದ ನಾಯಿಯ ಬಗ್ಗೆ ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಅದರ ಬೆಲ್ಟ್ ಬಾಗಿಲ ಪಕ್ಕ ಇನ್ನೂ ನೇತಾಡುತ್ತಿದೆ, ನೋಡಿದಾಗಲೆಲ್ಲ ಹೊಟ್ಟೆ ಕಿವುಚುತ್ತೆ ಎನ್ನುತ್ತಾ ಅತ್ತರು. ನಾಯಿಗೆ ಇಷ್ಟೊಂದು ಅಳ್ತಾರಾ ಅಂತ ಜನ ಅಂದಿದ್ದರಂತೆ. ಅಳಬೇಕು. 13 ವರ್ಷ ಕಡಿಮೆಯಲ್ಲ.

ಆಮೇಲೆ ಮರಿಯ ಮಾತಿಗೆ ಬಂದೆ. ಮೆತ್ತಗಿನ ಆಹಾರವನ್ನು ಮರಿಗಳು 3-4 ವಾರಕ್ಕೇ ನೆಕ್ಕಲು ಶುರು ಮಾಡುತ್ತವೆ. ಪೂರ್ತಿ ಹಾಲು ಬಿಡುವುದು ಸಾಮಾನ್ಯವಾಗಿ 7-8 ವಾರಕ್ಕೆ. ಆ ನಡುವಿನ ದಿನಗಳಲ್ಲಿ ಅವು ಕಲಿಯುವುದು ತುಂಬಾ ಇದೆ. ಆಟದಲ್ಲಿ ಜೋರಾಗಿ ಕಚ್ಚಿದರೆ ಜೊತೆಯ ಮರಿ ಕಿರುಚಿ ಆಟ ಬಿಡುತ್ತೆ. ತಾಯಿ ಗುರ್ರೆನ್ನುತ್ತೆ, ಇಲ್ಲವೇ ಎದ್ದು ಹೋಗುತ್ತೆ. ಎಷ್ಟು ಕಚ್ಚಿದರೆ ನೋವಾಗುತ್ತೆ ಅನ್ನುವುದು ಮರಿಗೆ ತಿಳಿಯುವುದೇ ಹೀಗೆ. ನಾವು ಎಷ್ಟು ಮುದ್ದು ಮಾಡಿದರೂ ಈ ಪಾಠ ನಮ್ಮಿಂದ ಅಷ್ಟು ಚೆನ್ನಾಗಿ ಆಗುವುದಿಲ್ಲ. 30-40 ದಿನಕ್ಕೇ ಬೇರೆಯಾದ ನಾಯಿಗಳನ್ನು ಎರಡು ತಿಂಗಳು ತಾಯಿಯ ಜೊತೆಗಿದ್ದವುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಬಂದಿತ್ತು. ಬೇಗ ಬೇರೆಯಾದವುಗಳಲ್ಲಿ ಭಯ, ಅತಿಯಾದ ಬೊಗಳಾಟ, ಊಟ ಆಟಿಕೆಗೆ ಯಾರನ್ನೂ ಹತ್ತಿರ ಬಿಡದ ಸ್ವಭಾವ ಜಾಸ್ತಿ ಕಂಡಿತ್ತು.

"ಹಾಗಾದ್ರೆ ಎಷ್ಟು ದಿನ ಕಾಯಲಿ?"

ಎಂಟು ವಾರ ತುಂಬಲಿ ಎಂದೆ. ತೀರಾ ಪುಟ್ಟ ತಳಿಯಾಗಿದ್ದರೆ 10-12 ವಾರ ಅನ್ನುತ್ತಿದ್ದೆ. ಹಾಗಂತ ಸುಮ್ನೆ ಮುಂದೂಡುವುದೂ ಒಳ್ಳೆಯದಲ್ಲ. ಹೊಸ ಜನ, ಹೊಸ ಸದ್ದಿಗೆ ಮರಿ ಸುಲಭವಾಗಿ ಹೊಂದಿಕೊಳ್ಳುವ ಕಾಲ ಸುಮಾರು 12-14 ವಾರಕ್ಕೆ ಮುಗಿಯುತ್ತಾ ಬರುತ್ತೆ. ಮೊದಲ ಲಸಿಕೆ 6-8 ವಾರಕ್ಕೆ, ಅದು ಆಗಿದೆಯಾ ಎಂದು ಕೇಳಿ. ಮರಿಯನ್ನು ತಾಯಿಯ ಜೊತೆಯಲ್ಲೇ ತೋರಿಸಿ ಅನ್ನಿ. ತೋರಿಸದಿದ್ದರೆ, ಭಾನುವಾರವೇ ಒಯ್ಯಬೇಕು ಎಂದು ಒತ್ತಾಯಿಸಿದರೆ, ಆ ಮರಿ ಬೇಡ ಎಂದು ಹೇಳಿಬಿಡಿ. ಇದು ಹೇಳಲು ನನಗೂ ಕಷ್ಟವಾಯಿತು. ಆಗಲೇ ಅದಕ್ಕೆ ಹೆಸರಿಟ್ಟಿದ್ದರು.

ಕಾಯುವ ಮೂರು ವಾರಕ್ಕೆ ಒಂದು ಕೆಲಸ ಕೊಟ್ಟೆ. ವಾರಕ್ಕೊಮ್ಮೆ ಹೋಗಿ ಮರಿಯ ಜೊತೆ ಕೂತು ಬನ್ನಿ, ಮಗಳನ್ನೂ ಕರೆಯಿರಿ. ಒಂದು ಹಳೆ ಬಟ್ಟೆಯನ್ನು ತಾಯಿ ನಾಯಿ ಮಲಗುವಲ್ಲಿ ಬಿಟ್ಟು, ಕೊನೆಯ ದಿನ ಮರಿಯ ಜೊತೆ ತನ್ನಿ.

ಬ್ರೀಡರ್ ಒಪ್ಪಿದರು. ಮರಿ ಮನೆಗೆ ಬಂದ ಮೊದಲ ಎರಡು ರಾತ್ರಿ ಅತ್ತಿತು. ಮೂರನೆಯ ರಾತ್ರಿ ಆ ಬಟ್ಟೆಯ ಮೇಲೆ ಮೂಗಿಟ್ಟು ಮಲಗಿತಂತೆ. ಮರುದಿನ ಫೋನ್ ಮಾಡಿ, ಬಾಗಿಲ ಪಕ್ಕದ ಬೆಲ್ಟ್ ಇನ್ನು ತೆಗೆದಿಡಬೇಕಾ ಎಂದು ಕೇಳಿದರು. ನಿಮಗೆ ಬೇಕಿರುವಷ್ಟು ದಿನ ಅಲ್ಲೇ ಇರಲಿ ಎಂದೆ.