ಸೊರಾರಿಟಿ ಸೇರಿದ ಹುಡುಗಿಯರು ಸಂಘದ ಇತಿಹಾಸವನ್ನು ಬಾಯಿಪಾಠ ಮಾಡುವುದೇಕೆ?

ಟೆಕ್ಸಾಸಿನಲ್ಲಿ ಓದುತ್ತಿರುವ ನಿಮ್ಮ ತಂಗಿಯ ಮಗಳು ಸೊರಾರಿಟಿ ಎಂಬ ಹುಡುಗಿಯರ ಸಂಘ ಸೇರಿದ್ದಾಳೆ, ಕಾಲೇಜಿನ ಪಾಠ ಬಿಟ್ಟು ಸಂಘ ಕಟ್ಟಿದವರ ಹೆಸರು, ಇಸವಿ, ಹೂವು, ಬಣ್ಣ ಎಂದು ಉರು ಹೊಡೆಯುತ್ತಿದ್ದಾಳೆ, ಇದು ಯಾವ ಪರೀಕ್ಷೆ, ಚಿಂತೆ ಮಾಡಬೇಕೇ ಎಂದು ಕೇಳಿದ್ದೀರಿ. ಓದಿ ನಗು ಬಂತು, ಕ್ಷಮಿಸಿ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನಾನು ನನ್ನ ಯಜಮಾನರಿಗೆ ಕೇಳಿದ್ದೆ. ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಶಿವಮೊಗ್ಗದ ಕಡೆಯವರು; ಕಾಲೇಜಿನಲ್ಲಿ ಸಂಘ ಎಂದರೆ ನಮಗೆ ಕನ್ನಡ ಸಂಘ ಮಾತ್ರ.

ಸೊರಾರಿಟಿ ಸೇರಿದ್ದ ನಮ್ಮ ಮಗಳು ಆ ವರ್ಷ ರಜೆಗೆ ಮನೆಗೆ ಬಂದವಳೇ ಒಂದು ಕಟ್ಟು ಚೀಟಿಗಳನ್ನು ಅಡುಗೆಕಟ್ಟೆಯ ಮೇಲಿಟ್ಟು, "ಅಮ್ಮಾ, ನೀನು ಕೇಳು, ನಾನು ಒಪ್ಪಿಸುತ್ತೇನೆ" ಎಂದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಒಂದೊಂದೇ ಚೀಟಿ ತಿರುವಿ ಕೇಳುತ್ತಾ ಹೋದೆ. ಮೊದಲ ಸಭೆ ನಡೆದ ಊರು ಯಾವುದು? ಬ್ಯಾಡ್ಜಿನಲ್ಲಿ ಎಷ್ಟು ಮುತ್ತು? ನಮ್ಮ ಹೂವು ಯಾವುದು? ನಾನು ಮಗ್ಗಿ ಒಪ್ಪಿಸುವಾಗ ಅಪ್ಪ ಹೇಗೆ ಪೇಪರಿನಿಂದ ತಲೆ ಎತ್ತದೆ "ಹದಿನೇಳೆಂಟ್ಲ?" ಎನ್ನುತ್ತಿದ್ದರೋ, ಅದೇ ಧಾಟಿ. ಕೊನೆಗೆ ಅವಳು ಒಂದು ಬೆಂಕಿಕಡ್ಡಿ ಗೀರಿ, ಅದು ಬೆರಳಿಗೆ ತಾಗುವುದರೊಳಗೆ ಗ್ರೀಕ್ ವರ್ಣಮಾಲೆಯ 24 ಅಕ್ಷರಗಳನ್ನೂ ಹೇಳಿ ಮುಗಿಸಿ ಊದಿ ಆರಿಸಿದಳು. ಗ್ರೀಕ್ ಅಕ್ಷರಗಳನ್ನೇ ಹೆಸರಾಗಿಟ್ಟುಕೊಳ್ಳುವ ಇಂಥ ಸಂಘಗಳಲ್ಲಿ ಇದು ಹಳೆಯ ಆಟವಂತೆ. ಮನೆಯ ಹೊಗೆ ಎಚ್ಚರಿಕೆ ಗಂಟೆ ಹೊಡೆದುಕೊಳ್ಳಲಿಲ್ಲ ಎಂಬುದೇ ನನ್ನ ಸಮಾಧಾನ.

ಆ ಚೀಟಿಗಳಿಂದಾಗಿ ನನಗೂ ಕುತೂಹಲ ಹತ್ತಿತು, ಓದಿಕೊಂಡೆ. ಹಿನ್ನೆಲೆ ತಿಳಿಯದಿದ್ದರೆ ಇದೆಲ್ಲ ಹುಡುಗಾಟವಾಗಿ ಕಾಣುತ್ತದೆ.

ಈ ಸಂಘಗಳ ಬೇರು ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿದೆ. ಅಲ್ಲಿ 1851ರಲ್ಲಿ ಒಂದು, 1852ರಲ್ಲಿ ಇನ್ನೊಂದು ಹುಡುಗಿಯರ ಸಂಘ ಹುಟ್ಟಿತು. ಅವೇ ಇಂದಿನ ಆಲ್ಫಾ ಡೆಲ್ಟಾ ಪೈ ಮತ್ತು ಫೈ ಮ್ಯು. ಇಲಿನಾಯ್ ರಾಜ್ಯದ ಮನ್ಮತ್ ಕಾಲೇಜಿನಲ್ಲಿ 1867ರ ಏಪ್ರಿಲ್ 28ರಂದು ಹನ್ನೆರಡು ಹುಡುಗಿಯರು ಸೇರಿ ಕಟ್ಟಿದ ಸಂಘ ಮುಂದೆ ಪೈ ಬೀಟಾ ಫೈ ಆಯಿತು. ಅವರಲ್ಲಿ ಇಬ್ಬರು ಬಾಡಿಗೆಗಿದ್ದ ಕೋಣೆಯಲ್ಲೇ ಸಭೆ ನಡೆದದ್ದು. ಆ ಮನೆಯನ್ನು ಸಂಘ ಇಂದಿಗೂ ಕಾಪಾಡಿಕೊಂಡು ಬಂದಿದೆ.

ನನಗೆ ಬಹಳ ಹಿಡಿಸಿದ್ದು ಬೆಟ್ಟಿ ಲಾಕ್ ಎಂಬ ಹುಡುಗಿಯ ಕಥೆ. ಇಂಡಿಯಾನಾದ ಗ್ರೀನ್‌ಕ್ಯಾಸಲ್ ಊರಿನ ಕಾಲೇಜು (ಈಗಿನ ಡಿಪಾ ವಿಶ್ವವಿದ್ಯಾಲಯ) 1867ರಲ್ಲಷ್ಟೇ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿತ್ತು. ಅಲ್ಲಿನ ಹುಡುಗರ ಸಂಘದವನೊಬ್ಬ ಬೆಟ್ಟಿಗೆ ತಮ್ಮ ಬ್ಯಾಡ್ಜ್ ಧರಿಸಲು ಹೇಳಿದನಂತೆ. ಸದಸ್ಯೆಯಾಗಿ ಅಲ್ಲ, ಶೋಭೆಗೆ. ಸದಸ್ಯತ್ವ ಕೊಡುವುದಾದರೆ ಧರಿಸುತ್ತೇನೆ ಎಂದಳು ಅವಳು. ಅವರು ಒಪ್ಪಲಿಲ್ಲ. 1870ರ ಜನವರಿ 27ರಂದು ಅವಳೂ ಇನ್ನು ಮೂವರೂ ಸೇರಿ ಕಪ್ಪಾ ಆಲ್ಫಾ ಥೀಟಾ ಎಂಬ ತಮ್ಮದೇ ಸಂಘ ಮಾಡಿಕೊಂಡರು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಮೊದಲ ಹೆಣ್ಣುಮಕ್ಕಳ ಸಂಘ ಅದು. ಹುಡುಗನ ಬ್ಯಾಡ್ಜ್ ಬೇಡವೆಂದು ತನ್ನದೇ ಬ್ಯಾಡ್ಜ್ ಮಾಡಿಸಿಕೊಂಡ ಹುಡುಗಿಯ ಹೆಸರನ್ನು ಇಂದಿನ ಹುಡುಗಿಯರು ಬಾಯಿಪಾಠ ಮಾಡಿದರೆ ನಾನಂತೂ ಬೇಡ ಎನ್ನುವವಳಲ್ಲ.

ಇಂಥ ಸಂಘಗಳಿಗೆ ಸೊರಾರಿಟಿ ಎಂಬ ಪದ ಕೂಡ ಆಗ ಬಳಕೆಯಲ್ಲಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1874ರಲ್ಲಿ ಆರಂಭವಾದ ಗಾಮಾ ಫೈ ಬೀಟಾ ಸಂಘಕ್ಕೆ ಅಲ್ಲಿನ ಲ್ಯಾಟಿನ್ ಮೇಷ್ಟ್ರು ಫ್ರಾಂಕ್ ಸ್ಮಾಲಿ 1882ರಲ್ಲಿ ಆ ಪದ ಕೊಟ್ಟರು. ಲ್ಯಾಟಿನ್ನಿನಲ್ಲಿ 'ಸೊರೊರ್' ಎಂದರೆ ಸಹೋದರಿ. ಅದಕ್ಕೂ ಹಿಂದಿನ ಕೆಲವು ಸಂಘಗಳು ಇವತ್ತಿಗೂ ಕಾಗದಪತ್ರಗಳಲ್ಲಿ ತಮ್ಮನ್ನು 'ಫ್ರಟರ್ನಿಟಿ' (ಹುಡುಗರ ಸಂಘಗಳಿಗೆ ಬಳಸುವ ಪದ) ಎಂದೇ ಕರೆದುಕೊಳ್ಳುತ್ತವೆ. ಇದು ಸಂಘದ ರಸಪ್ರಶ್ನೆಯಲ್ಲಿ ಹೊಸಬರನ್ನು ಬೀಳಿಸುವ ಪ್ರಶ್ನೆ. ನನ್ನನ್ನೂ ಬೀಳಿಸಿತು.

ಈಗ ನಿಮ್ಮ 'ಏಕೆ' ಎಂಬುದಕ್ಕೆ ಬರುತ್ತೇನೆ. ನನ್ನ ಅಣ್ಣನ ಉಪನಯನದಲ್ಲಿ ಅವನಿಗೆ ಪ್ರವರ ಹೇಳಿಕೊಟ್ಟರು: ಯಾವ ಋಷಿಗಳ ಪರಂಪರೆ, ಯಾವ ಗೋತ್ರ, ಯಾವ ಸೂತ್ರ, ಕೊನೆಗೆ ತನ್ನ ಹೆಸರು. ಹಿರಿಯರಿಗೆ ನಮಸ್ಕರಿಸುವಾಗ ಅದನ್ನು ಹೇಳಿ ಬಾಗಬೇಕು. ಅವನು ತಪ್ಪಿದರೆ ನಾನು ಬಾಗಿಲ ಹಿಂದೆ ನಿಂತು ಸರಿಯಾಗಿ ಹೇಳುತ್ತಿದ್ದೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಚೀಟಿ ಹಿಡಿದು ಮಗಳ ಎದುರು ಕೂತ ದಿನ ನನಗೆ ನೆನಪಾದದ್ದು ಅದೇ. ಇದು ಇವರ ಪ್ರವರ. ಸಂಘಕ್ಕೆ ಸೇರಿದವಳಿಗೆ ಒಬ್ಬ ಹಿರಿಯ ಹುಡುಗಿಯನ್ನು ಅಕ್ಕನಾಗಿ ಕೊಡುತ್ತಾರೆ, ಅವಳಿಗೆ 'ಬಿಗ್' ಎನ್ನುತ್ತಾರೆ, ಕಿರಿಯವಳು 'ಲಿಟಲ್'. ಬಿಗ್‌ನ ಬಿಗ್ ಇವಳಿಗೆ 'ಗ್ರ್ಯಾಂಡ್‌ಬಿಗ್'. ಹೀಗೆ ವಂಶವೃಕ್ಷವೇ ಬೆಳೆಯುತ್ತದೆ, ಎಲ್ಲ ಕೊಂಬೆಗಳಲ್ಲೂ ಹೆಣ್ಣುಮಕ್ಕಳ ಹೆಸರು. ಮಗಳು ತನ್ನ ಸಂಘದಲ್ಲಿ ಐದು ತಲೆಮಾರು ಸರಾಗವಾಗಿ ಹೇಳಿದಳು. ನಮ್ಮ ಮನೆಯಲ್ಲಿ ನನ್ನ ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ ಎಂದು ನನಗೆ ಮೂರಕ್ಕೆ ನಿಂತುಹೋಯಿತು.

ಸಂಘದ ನಿಜವಾದ ವಿಧಿಗಳು ಗುಟ್ಟು. ಅವು ರಸಪ್ರಶ್ನೆಗೆ ಬರುವುದಿಲ್ಲ, ಹೆತ್ತ ತಾಯಿಗೂ ಹೇಳುವುದಿಲ್ಲ. ನಾನು ಚಕ್ಕುಲಿ ಕೊಟ್ಟು ಪ್ರಯತ್ನಿಸಿದ್ದೇನೆ. ಹೊರಗೆ ಹೇಳಬಹುದಾದದ್ದಷ್ಟೇ ಆಟವಾಗುತ್ತದೆ. ತನ್ನ ಬಿಗ್ ಯಾರೆಂದು ಲಿಟಲ್‌ಗೆ ಒಂದು ವಾರ ಹೇಳದೆ, ದಿನಕ್ಕೊಂದು ಸುಳಿವು ಮತ್ತು ತಿಂಡಿಪೊಟ್ಟಣ ಕಳುಹಿಸಿ ಊಹೆ ಮಾಡಿಸುವುದುಂಟು. ಯಾರದಾದರೂ ನಿಶ್ಚಿತಾರ್ಥವಾದರೆ ಎಲ್ಲರೂ ವೃತ್ತವಾಗಿ ನಿಂತು ಉರಿಯುವ ಮೇಣದ ಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಊದಿ ಆರಿಸಿದವಳೇ ಮದುಮಗಳು. ಸಂಸ್ಥಾಪನಾ ದಿನದ ಊಟಕ್ಕೆ ಹಳೆಯ ಸದಸ್ಯೆಯರೂ ಬರುತ್ತಾರೆ. ಮಗಳ ಜೊತೆ ಒಮ್ಮೆ ನಾನೂ ಹೋಗಿದ್ದೆ. ಹುಡುಗಿಯರೆಲ್ಲ ಮೊಬೈಲಿನಲ್ಲಿ ಉತ್ತರ ಒತ್ತುವ ರಸಪ್ರಶ್ನೆ. ಊರುಗೋಲು ಹಿಡಿದ ಒಬ್ಬ ಅಜ್ಜಿಗೆ ಮೊಬೈಲು ಬಾರದು, ಕೂತಲ್ಲಿಂದಲೇ ಕೂಗಿ ಉತ್ತರ ಹೇಳಿದರು, ಎಲ್ಲವೂ ಸರಿ. ಒಂದು ಪ್ರಶ್ನೆಯೇ ತಪ್ಪಾಗಿದೆ ಎಂದು ತಿದ್ದಿದರು ಕೂಡ. ಬಹುಮಾನವಾಗಿ ಒಂದು ಕಾಫಿ ಲೋಟ.

ನಿಮಗೂ ಒಂದು ಪ್ರಶ್ನೆ ಕೊಡುತ್ತೇನೆ, ಹುಡುಗಿಗೆ ಕೇಳಿ. ಶ್ವೇತಭವನದಲ್ಲಿರುವ ಯಾವ ಅಧ್ಯಕ್ಷರ ಪತ್ನಿಯ ವರ್ಣಚಿತ್ರದಲ್ಲಿ ಸೊರಾರಿಟಿಯ ಬ್ಯಾಡ್ಜ್ ಕಾಣುತ್ತದೆ? ಗ್ರೇಸ್ ಕೂಲಿಡ್ಜ್. ಕೆಂಪು ಉಡುಪು, ಪಕ್ಕದಲ್ಲಿ ಬಿಳಿ ನಾಯಿ, ಎದೆಯ ಮೇಲೆ ಪೈ ಬೀಟಾ ಫೈಯ ಬಾಣ. ಚಿತ್ರವನ್ನು ಬರೆಯಿಸಿ ಕೊಟ್ಟದ್ದೂ ಆ ಸಂಘವೇ.

ಚೀಟಿಗಳು ಕೇಳದ ಪ್ರಶ್ನೆಗಳೂ ಇವೆ. ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಎಂಬ ಬೇರೆಯದೇ ಸಂಘ ಏಕೆ ಕಟ್ಟಿಕೊಳ್ಳಬೇಕಾಯಿತು? ನ್ಯೂಯಾರ್ಕಿನ ಬಾರ್ನರ್ಡ್ ಕಾಲೇಜಿನ ಯಹೂದಿ ಹುಡುಗಿಯರು 1909ರಲ್ಲಿ ಆಲ್ಫಾ ಎಪ್ಸಿಲಾನ್ ಫೈ ಏಕೆ ಆರಂಭಿಸಿದರು? ಉಳಿದ ಬಾಗಿಲುಗಳು ಅವರಿಗೆ ಮುಚ್ಚಿದ್ದವು, ಅಷ್ಟೇ. ಹಾವರ್ಡ್‌ನಲ್ಲೇ 1913ರ ಜನವರಿ 13ರಂದು 22 ಮಂದಿ ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 3ರಂದು, ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ ಬೀದಿಯಲ್ಲಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಅಲ್ಲೂ ಕಪ್ಪು ಮಹಿಳೆಯರು ಹಿಂದಿರಲಿ ಎಂಬ ಮಾತು ಬಂದಿತ್ತು. ಹಳೆಯ ಮಾತು ಎಂದುಕೊಳ್ಳಬೇಡಿ: ಅಲಬಾಮಾ ವಿಶ್ವವಿದ್ಯಾಲಯದ ಬಿಳಿಯರ ಸೊರಾರಿಟಿಗಳು ಕಪ್ಪು ಹುಡುಗಿಯರನ್ನು ಹೊರಗಿಟ್ಟದ್ದನ್ನು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಬಯಲಿಗೆಳೆದದ್ದು 2013ರಲ್ಲಿ. ಹೂವು, ಬಣ್ಣಗಳ ಜೊತೆಗೆ ಇದನ್ನೂ ಉರು ಹೊಡೆಸಿದರೆ ರಸಪ್ರಶ್ನೆಗೆ ಸ್ವಲ್ಪ ಮರ್ಯಾದೆ ಬರುತ್ತದೆ ಎಂದು ಮಗಳಿಗೆ ಹೇಳಿದೆ. "ಅಮ್ಮಾ, ನೀನೇ ಬಂದು ಪ್ರಶ್ನೆಪತ್ರಿಕೆ ಮಾಡು" ಎಂದಳು.

ಆಲ್ಫಾ ಕಪ್ಪಾ ಆಲ್ಫಾದ ಹೆಸರನ್ನು ನೀವು ಈಗಾಗಲೇ ಕೇಳಿರಬಹುದು. ಕಮಲಾ ಹ್ಯಾರಿಸ್ 1986ರಲ್ಲಿ ಹಾವರ್ಡ್‌ನಲ್ಲಿ ಸೇರಿದ್ದು ಅದಕ್ಕೇ. ಅವರ ಕೊರಳ ಮುತ್ತುಗಳ ಬಗ್ಗೆ ಟಿವಿಯಲ್ಲಿ ಅಷ್ಟೊಂದು ಮಾತಾಡಿದ್ದು ಏಕೆಂದರೆ, ಆ ಸಂಘದ ಸ್ಥಾಪಕಿಯರನ್ನು ಇಪ್ಪತ್ತು ಮುತ್ತುಗಳು ಎನ್ನುತ್ತಾರೆ. ನಮ್ಮ ಕಡೆಯ ಹುಡುಗಿಯರದ್ದೂ ಸಂಘಗಳಿವೆ: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ಎರಡೂ 1998ರಲ್ಲಿ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರು ಕಟ್ಟಿದ್ದು. ಟೆಕ್ಸಾಸ್ ಎಂದಿರಿ, ನಿಮ್ಮ ಹುಡುಗಿ ಸೇರಿದ್ದು ಇವುಗಳಲ್ಲೊಂದೋ ಏನೋ, ಕೇಳಿ ನೋಡಿ.

ಚಿಂತೆ ಮಾಡಬೇಕಾದದ್ದು ಒಂದೇ ವಿಷಯಕ್ಕೆ. ತಪ್ಪು ಹೇಳಿದರೆ ನಕ್ಕು ಮುಂದಿನ ಪ್ರಶ್ನೆಗೆ ಹೋಗುತ್ತಾರೋ, ಶಿಕ್ಷೆ ಕೊಡುತ್ತಾರೋ? ನಡುರಾತ್ರಿ ಎಬ್ಬಿಸಿ ಸಾಲಾಗಿ ನಿಲ್ಲಿಸಿ ಒಪ್ಪಿಸುವುದು, ತಪ್ಪಿದವಳಿಗೆ ಊಟ ನಿದ್ದೆ ತಪ್ಪಿಸುವುದು, ಕುಡಿಸುವುದು, ಇವೆಲ್ಲ ನಾವು ರ್‍ಯಾಗಿಂಗ್ ಎನ್ನುವುದೇ. ಇಲ್ಲಿ ಅಮೆರಿಕದಲ್ಲಿ ಹೇಜಿಂಗ್ ಎನ್ನುತ್ತಾರೆ. ನನ್ನ ಪರಿಚಯದ ಮನೆಯ ಹುಡುಗಿಯೊಬ್ಬಳು ಹೀಗೆ ಎರಡು ವಾರ ನಿದ್ದೆಗೆಟ್ಟು ಸಂಘವನ್ನೇ ಬಿಟ್ಟಳು, ಒಳ್ಳೆಯದೇ ಮಾಡಿದಳು. ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗವಾಗಿ ವರದಿ ಮಾಡಬೇಕೆಂದು 2024ರ ಡಿಸೆಂಬರಿನಲ್ಲಿ ಕೇಂದ್ರ ಕಾನೂನೇ ಬಂದಿದೆ. ನೇರವಾಗಿ "ರ್‍ಯಾಗಿಂಗ್ ಮಾಡುತ್ತಾರಾ" ಎಂದು ಕೇಳಿದರೆ ಯಾವ ಹುಡುಗಿಯೂ ಹೌದೆನ್ನುವುದಿಲ್ಲ. "ನಾನು ಪ್ರಶ್ನೆ ಕೇಳುತ್ತೇನೆ, ನೀನು ಒಪ್ಪಿಸು" ಎಂದು ವಿಡಿಯೊ ಕರೆ ಮಾಡಿ. ಒಪ್ಪಿಸುವಾಗ ಮುಖ ನೋಡಿ, ಗೊತ್ತಾಗುತ್ತದೆ.

ಹಾಂ, ಉಡುಗೊರೆ ಕಳುಹಿಸುವ ಯೋಚನೆಯಿದ್ದರೆ ಮೊದಲು ಸಂಘದ ಬಣ್ಣ ಯಾವುದೆಂದು ವಿಚಾರಿಸಿಕೊಳ್ಳಿ. ನಾನು ಆಸೆಪಟ್ಟು ಊರಿನಿಂದ ತರಿಸಿದ ಮೈಸೂರು ರೇಷ್ಮೆಯ ದುಪಟ್ಟಾ ಎದುರುಬೀದಿಯ ಸಂಘದ ಬಣ್ಣವಾಗಿಬಿಟ್ಟಿತ್ತು. ಅದು ಇನ್ನೂ ನನ್ನ ಬೀರುವಿನಲ್ಲೇ ಇದೆ.